ಧರ್ಮ ಕೇಳಬೇಡಿ, ಬೇಕಾದ್ದನ್ನು ಕೇಳಿ

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿ ನಮ್ಮೂರಲ್ಲೇ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದಿದ್ದೇನೆ. ಸದ್ಯ ಕೈಯಲ್ಲಿರುವುದು ಮೂರು ಕೆಲಸ: ಒಂದು ಕಲ್ಯಾಣ ಮಂಟಪದ್ದು, ಒಂದು ಅಡುಗೆ ಕಂಟ್ರಾಕ್ಟ್‌ನವರದ್ದು, ಒಂದು ದೇವಸ್ಥಾನದ ಸೇವಾ ಬುಕಿಂಗ್. ಬಳಸುವವರ ಸಂಸ್ಕೃತಿ, ಧರ್ಮಗಳನ್ನು ಗಮನದಲ್ಲಿಟ್ಟು ವಿನ್ಯಾಸ ಮಾಡಬೇಕು ಎಂದು ಎಲ್ಲ ಕಡೆ ಓದುತ್ತೇನೆ. ಹಬ್ಬಕ್ಕೆ ತಕ್ಕಂತೆ ಬಣ್ಣ ಬದಲಿಸುವುದು, ದೇವರ ಚಿತ್ರ ಹಾಕುವುದು, ಅಷ್ಟೇ ಅದರ ಅರ್ಥವೇ? ನೋಂದಣಿಯಲ್ಲಿ ‘ನಿಮ್ಮ ಧರ್ಮ ಯಾವುದು’ ಎಂದು ಒಂದು ಖಾನೆ ಇಟ್ಟುಬಿಟ್ಟರೆ ಮುಂದಿನದೆಲ್ಲ ಸುಲಭವಾಗುವುದಿಲ್ಲವೇ?
– ಓದುಗರು, ಹಾಸನ

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಖಾನೆ ಇಡಬೇಡಿ. ಒಬ್ಬರ ಧರ್ಮ ಗೊತ್ತಾದ ಮಾತ್ರಕ್ಕೆ ಅವರಿಗೆ ಏನು ಬೇಕು ಎಂಬುದು ಗೊತ್ತಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಧರ್ಮಸ್ಥಳದಲ್ಲಿ ಮಂಜುನಾಥನ ಪೂಜೆ ಮಾಡುವವರು ಮಾಧ್ವ ಅರ್ಚಕರು, ಕ್ಷೇತ್ರದ ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಹಬ್ಬಕ್ಕೆ ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರೆಲ್ಲ ಕ್ರೈಸ್ತರಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸಿಗೆ ಹೋಗುವವರೆಲ್ಲ ಮುಸ್ಲಿಮರೂ ಅಲ್ಲ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ಹೆಸರಿದೆ. ಇಂಥ ನಾಡಿನ ಜನರನ್ನು ಐದಾರು ಆಯ್ಕೆಗಳ ಪಟ್ಟಿಯಲ್ಲಿ ಕೂರಿಸಿ, ಅದರ ಮೇಲೆ ಅವರ ಊಟ, ಹಬ್ಬ, ಬಿಡುವನ್ನೆಲ್ಲ ಊಹಿಸಲು ಹೋದರೆ ಮೊದಲ ವಾರದಲ್ಲೇ ಎಡವುತ್ತೀರಿ.

ಇನ್ನು ಬಣ್ಣ, ಚಿತ್ರಗಳ ವಿಚಾರ. ಅವು ಬೇಡವೆಂದಲ್ಲ, ಕೊನೆಗೆ ಹೇಳುತ್ತೇನೆ. ಆದರೆ ಒಬ್ಬರ ಆಚಾರ, ನಂಬಿಕೆಗೆ ವೆಬ್‌ಸೈಟ್ ನಿಜವಾಗಿ ಅಡ್ಡ ಬರುವುದು ಬೇರೆ ಜಾಗಗಳಲ್ಲಿ: ದಿನಾಂಕದ ಖಾನೆಯಲ್ಲಿ, ಹೆಸರಿನ ಖಾನೆಯಲ್ಲಿ, ಊಟದ ಪಟ್ಟಿಯಲ್ಲಿ, ಅಕ್ಷರ ಮೂಡುವ ರೀತಿಯಲ್ಲಿ. ಪುಟ ಎಷ್ಟು ಚೆಂದವಿದ್ದರೂ ಈ ಖಾನೆಗಳು ಒಪ್ಪದಿದ್ದರೆ ಬಂದವರು ಹಿಂದಿರುಗುತ್ತಾರೆ. ಹಾಗಾಗಿ ನಿಮ್ಮ ಮೂರು ಕೆಲಸಗಳನ್ನೇ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ದಿನ ಎಲ್ಲಿಂದ ಶುರು?

ಕಂಪ್ಯೂಟರಿಗೆ ದಿನ ಬದಲಾಗುವುದು ನಡುರಾತ್ರಿ 12ಕ್ಕೆ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಹಿಜರಿ ದಿನ ಸೂರ್ಯಾಸ್ತಕ್ಕೆ ಶುರುವಾಗುತ್ತದೆ, ಯಹೂದಿಗಳದ್ದೂ ಹಾಗೆಯೇ. ಮಂಗಳವಾರ ಬೆಳಗಿನ ಜಾವ 3 ಗಂಟೆ ನಿಮ್ಮ ಡೇಟಾಬೇಸಿಗೆ ಮಂಗಳವಾರ, ಅರ್ಚಕರಿಗೆ ಇನ್ನೂ ಸೋಮವಾರ. ಗುರುವಾರ ಸಂಜೆ ಕತ್ತಲಾದರೆ ಮುಸ್ಲಿಂ ಮನೆಯಲ್ಲಿ ಶುಕ್ರವಾರದ ರಾತ್ರಿ ಬಂದಂತೆ. ದೇವಸ್ಥಾನದ ಬುಕಿಂಗ್ ಮಾಡುವಾಗ ಈ ಒಂದು ವಿಷಯ ಮರೆತರೂ ಸೇವೆ ಬೇರೆ ತಿಥಿಗೆ ಹೋಗಿಬಿಡುತ್ತದೆ.

ತಿಥಿಯೂ 24 ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಏಕಾದಶಿಯನ್ನೇ ತೆಗೆದುಕೊಳ್ಳಿ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ. ಮಾಧ್ವರು ಅದಕ್ಕೂ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯ ಕಾಲಕ್ಕೇ ದಶಮಿಯ ಸೋಂಕು ಇರಬಾರದು ಎನ್ನುತ್ತಾರೆ. ಇದ್ದರೆ ಅವರ ಉಪವಾಸ ಮರುದಿನಕ್ಕೆ ಹೋಗುತ್ತದೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ದಿನ ಏಕಾದಶಿ! ಇಬ್ಬರದೂ ಸರಿ. ‘ಏಕಾದಶಿ: ಇಂತಿಂಥ ತಾರೀಖು’ ಎಂದು ಒಂದೇ ದಿನ ಅಚ್ಚೊತ್ತುವ ಸೈಟ್ ಮಾತ್ರ ತಪ್ಪು.

ಕೃಷ್ಣ ಜನ್ಮಾಷ್ಟಮಿಯಲ್ಲಿ ಈ ಅಂತರ ಇನ್ನೂ ದೊಡ್ಡದಾಗಬಹುದು. 2025ರಲ್ಲಿ ದೇಶದ ಬಹುಭಾಗ ಆಗಸ್ಟ್ 16ಕ್ಕೆ ಹಬ್ಬ ಮಾಡಿತು. ಉಡುಪಿ ಕೃಷ್ಣಮಠದಲ್ಲಿ ಅದು ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ ಅದರ ಮರುದಿನ. ಅಲ್ಲಿ ಸೌರಮಾನದ ಲೆಕ್ಕ. ಸಿಂಹ ಮಾಸದ ಅಷ್ಟಮಿ, ರೋಹಿಣಿಗಳನ್ನು ನೋಡುತ್ತಾರೆ. ಯುಗಾದಿಯೂ ಹಾಗೆಯೇ. ಬಯಲುಸೀಮೆಯವರ ಚಾಂದ್ರಮಾನ ಯುಗಾದಿ ಮಾರ್ಚ್–ಏಪ್ರಿಲ್‌ನಲ್ಲಿ ಬಂದು ಹೋದ ಮೇಲೆ, ಏಪ್ರಿಲ್ ಮಧ್ಯದಲ್ಲಿ ತುಳುನಾಡಿನವರ ಬಿಸು ಬರುತ್ತದೆ.

ಈದ್ ಕೂಡ ಒಂದೇ ರಾಜ್ಯದಲ್ಲಿ ಎರಡು ದಿನ ಬರುವುದುಂಟು. 2024ರ ಏಪ್ರಿಲ್‌ನಲ್ಲಿ ಕೇರಳದಲ್ಲಿ ಚಂದ್ರದರ್ಶನವಾಯಿತೆಂದು ದಕ್ಷಿಣ ಕನ್ನಡ, ಉಡುಪಿಯ ಕಡೆ 10ರಂದು ಈದುಲ್ ಫಿತ್ರ್ ಆಚರಿಸಿದರು. ಬೆಂಗಳೂರು, ಕಲಬುರಗಿಯ ಕಡೆ 11ರಂದು. ನಿಮ್ಮ ಅಡುಗೆ ಕಂಟ್ರಾಕ್ಟ್‌ನವರು ಹಬ್ಬದ ಬಿರಿಯಾನಿಗೆ ಮುಂಗಡ ಆರ್ಡರ್ ತೆಗೆದುಕೊಳ್ಳುತ್ತಾರೆ ಎಂದುಕೊಳ್ಳಿ. ತಾರೀಖು ಗಟ್ಟಿಯಾಗಿ ಬರೆದಿಟ್ಟರೆ ಒಂದು ಕಡೆಯ ಗ್ರಾಹಕರಿಗೆ ಹಬ್ಬ ಮುಗಿದ ಮೇಲೆ ಬಿರಿಯಾನಿ ತಲುಪುತ್ತದೆ. ‘ಚಂದ್ರದರ್ಶನಕ್ಕೆ ಅನುಗುಣವಾಗಿ ತಾರೀಖು ಖಚಿತಪಡಿಸುತ್ತೇವೆ’ ಎಂಬ ಒಂದು ಸಾಲು, ಹಿಂದಿನ ರಾತ್ರಿ ದಿನ ಬದಲಿಸಿಕೊಳ್ಳುವ ಒಂದು ಗುಂಡಿ ಇದ್ದರೆ ಸಾಕು.

ಗಂಟೆ, ನಿಮಿಷಗಳಿಗೂ ಊರು ಬೇಕು. ಕೋಲಾರಕ್ಕೂ ಮಂಗಳೂರಿಗೂ ರೇಖಾಂಶದಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದೆ. ಸೂರ್ಯಾಸ್ತ ಮಂಗಳೂರಿನಲ್ಲಿ ಸುಮಾರು 13 ನಿಮಿಷ ತಡ. ರೋಜಾ ಬಿಡುವವರಿಗೆ, ಸೂರ್ಯ ಮುಳುಗುವ ಮುಂಚೆಯೇ ಊಟ ಮುಗಿಸುವ ಜೈನರಿಗೆ ಈ 13 ನಿಮಿಷ ಸಣ್ಣದಲ್ಲ. ನಮಾಜಿನ ವೇಳೆ ತೋರಿಸುವುದಾದರೆ ಇನ್ನೊಂದು ಸೂಕ್ಷ್ಮವಿದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ. ವಸ್ತುವಿನ ನೆರಳು ಅದರ ಎತ್ತರದ ಒಂದರಷ್ಟು ಬೆಳೆದಾಗ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ವೇಳೆ ಶುರು ಎಂದು ಶಾಫಿಗಳು, ಎರಡರಷ್ಟು ಬೆಳೆದಾಗ ಎಂದು ಹನಫಿಗಳು ಲೆಕ್ಕ ಹಾಕುತ್ತಾರೆ. ನಡುವಿನ ಅಂತರ ಸುಮಾರು ಒಂದು ಗಂಟೆ. ಎರಡೂ ಆಯ್ಕೆ ಇಡಿ. ಊರು ನೋಡಿ ನೀವೇ ತೀರ್ಮಾನಿಸಬೇಡಿ.

ತಾಂತ್ರಿಕವಾಗಿ ನಿಮಗೆ ಅರ್ಧ ಸಹಾಯ ಸಿದ್ಧವಿದೆ. ಇಂದಿನ ಬ್ರೌಸರ್‌ಗಳಲ್ಲಿ ಹಿಜರಿ, ಯಹೂದಿ, ಪರ್ಷಿಯನ್, ಇಥಿಯೋಪಿಯನ್ ಕ್ಯಾಲೆಂಡರುಗಳು ಅಡಕವಾಗಿಯೇ ಬರುತ್ತವೆ. ಭಾರತದ್ದು ಎಂದು ಒಂದಿದೆ. ಅದನ್ನು ನೋಡಿ ಮೋಸಹೋಗಬೇಡಿ: ಅದು 1957ರ ಮಾರ್ಚ್ 22ರಂದು ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಶಕ ಪಂಚಾಂಗ. ಅದರ ಚೈತ್ರ ಪ್ರತಿ ವರ್ಷ ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ ಶುರುವಾಗುತ್ತದೆ. ನಮ್ಮ ಯುಗಾದಿಗೆ ಅದು ಹೊಂದುವುದಿಲ್ಲ. ಚಾಂದ್ರಮಾನದ ದಿನಗಳಿಗೆ ಆ ದೇವಸ್ಥಾನ ಯಾವ ಪಂಚಾಂಗ ಅನುಸರಿಸುತ್ತದೆಯೋ ಅದನ್ನೇ ಕೇಳಿ ತುಂಬಿ. ಒಂಟಿಕೊಪ್ಪಲ್ ಪಂಚಾಂಗವೋ, ಮಠದ ಪಂಚಾಂಗವೋ, ಯಾವುದೆಂದು ಪುಟದಲ್ಲೇ ಬರೆಯಿರಿ. ಅಮೆರಿಕದ ಕನ್ನಡಿಗರು ನಿಮ್ಮ ಸೈಟ್ ನೋಡುವುದಿದ್ದರೆ ಬೆಂಗಳೂರಿನ ತಾರೀಖನ್ನೇ ಅವರಿಗೂ ಕೊಡಬೇಡಿ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಸೂರ್ಯೋದಯ ಒಂದೇ ಅಲ್ಲ. ಹಾಗಾಗಿ ಅವರ ವ್ರತದ ದಿನ ಬೇರೆಯಾಗಬಹುದು.

ಕಲ್ಯಾಣ ಮಂಟಪಕ್ಕೂ ಇದೇ ಮಾತು. ಖಾಲಿ ದಿನ ತೋರಿಸುವ ಕ್ಯಾಲೆಂಡರಿನಲ್ಲಿ ಮುಹೂರ್ತದ ದಿನ, ಆಷಾಢ, ಅಧಿಕ ಮಾಸಗಳನ್ನು ಗುರುತಿಸಿದರೆ ಹುಡುಕುವವರ ಅರ್ಧ ಕೆಲಸ ತಗ್ಗುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮದುವೆಯ ಹಂಗಾಮಿನ ನಡುವೆಯೇ ಒಂದು ತಿಂಗಳು ಹಲವರು ಮುಹೂರ್ತ ಇಡುವುದಿಲ್ಲ. ಆದರೆ ಆ ದಿನಗಳನ್ನು ಮುಚ್ಚಬೇಡಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಆರತಕ್ಷತೆ ಇಟ್ಟುಕೊಳ್ಳುವವರಿಗೆ, ನಿಕಾಹ್ ಇರುವವರಿಗೆ ಅವೇ ಅನುಕೂಲದ ದಿನಗಳು. ಗುರುತು ಹಾಕುವುದು ನಿಮ್ಮ ಕೆಲಸ, ಆಯ್ಕೆ ಅವರದು.

ಹೆಸರಿನ ಖಾನೆ

‘ಮೊದಲ ಹೆಸರು’, ‘ಕೊನೆಯ ಹೆಸರು’, ಎರಡೂ ಕಡ್ಡಾಯ. ಹೀಗೆ ಎರಡು ಖಾನೆ ಇರುವ ಅರ್ಜಿಯನ್ನು ಯಾರೋ ಪಶ್ಚಿಮದವರು ತಮ್ಮ ರೂಢಿಗೆ ತಕ್ಕಂತೆ ಮಾಡಿದರು. ನಾವು ಹಾಗೇ ನಕಲು ಮಾಡುತ್ತಿದ್ದೇವೆ. ನಮ್ಮಲ್ಲಿ ಹೆಸರುಗಳು ಹೇಗಿವೆ ನೋಡಿ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಆಮೇಲೆ ತಮ್ಮ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ: ಇಲ್ಲಿ ಮೊದಲು ಬರುವುದು ಮನೆತನ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಬೈಲುಕುಪ್ಪೆಯ ಟಿಬೆಟನ್ನರಲ್ಲಿ ಅನೇಕರಿಗೆ ಎರಡು ಹೆಸರಿದ್ದರೂ ಎರಡೂ ಅವರವೇ. ಮನೆತನದ್ದು ಎಂಬುದೇ ಇಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಒಂಟಿ ಹೆಸರಿನವರು ಬೇಕಾದಷ್ಟು. ಮಂಗಳೂರಿನ ಡಿ’ಸೋಜಾ ಅವರು ತಮ್ಮ ಹೆಸರು ಬರೆದರೆ ‘ವಿಶೇಷ ಚಿಹ್ನೆ ಬಳಸುವಂತಿಲ್ಲ’ ಎಂದು ಕೆಂಪು ಅಕ್ಷರ ಮೂಡುತ್ತದೆ. ತಲೆಮಾರುಗಳಿಂದ ಬಂದ ಹೆಸರನ್ನು ‘ತಪ್ಪು’ ಎಂದು ಹೇಳಲು ಸೈಟಿಗೆ ಏನು ಅಧಿಕಾರ?

ಇದು ಬರೀ ಮನಸ್ಸಿಗಾಗುವ ಕಿರಿಕಿರಿ ಎಂದುಕೊಳ್ಳಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರು ಅಮೆರಿಕದ ವೀಸಾ ಪಡೆದಾಗ ಆ ಹೆಸರು ಮನೆತನದ ಜಾಗಕ್ಕೆ ಹೋಗುತ್ತದೆ. ವ್ಯಕ್ತಿಯ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಬ್ಯಾಂಕು, ವಿಮಾನದ ಟಿಕೆಟ್, ಆಫೀಸಿನ ಗುರುತಿನ ಚೀಟಿ ಎಲ್ಲದರಲ್ಲೂ ಆ ಮೂರು ಅಕ್ಷರ ಹೆಸರಾಗಿ ಹಿಂಬಾಲಿಸುತ್ತವೆ. 2022ರ ನವೆಂಬರ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಪ್ರವೇಶವಿಲ್ಲ ಎಂಬ ಸೂಚನೆ ವಿಮಾನ ಕಂಪನಿಗಳಿಂದ ಬಂತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು.

ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಮಾದರಿಯೂ ನಮ್ಮ ದೇಶದ್ದೇ ಇದೆ. ಸನ್ಯಾಸ ಸ್ವೀಕರಿಸಿದವರು ಪೂರ್ವಾಶ್ರಮದ ನಂಟನ್ನು ಬಿಟ್ಟಿರುತ್ತಾರೆ. ಅವರಿಗೆ ‘ತಂದೆಯ ಹೆಸರು’ ಎಂಬ ಕಡ್ಡಾಯ ಖಾನೆಯೇ ತೊಡಕು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ನಿಯಮ ಸಡಿಲಿಸಿ, ಸಾಧು–ಸನ್ಯಾಸಿಗಳು ತಂದೆ ತಾಯಿಯ ಹೆಸರಿನ ಬದಲು ಗುರುವಿನ ಹೆಸರು ಕೊಡಬಹುದು ಎಂದಿತು. ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು ಎಂಬ ಅನುಕೂಲವೂ ಆಗಲೇ ಬಂತು. ಪಾಸ್‌ಪೋರ್ಟ್‌ನಂಥ ಬಿಗಿಯಾದ ಅರ್ಜಿಯೇ ಇಷ್ಟು ಬಾಗಬಹುದಾದರೆ ಕಲ್ಯಾಣ ಮಂಟಪದ ಅರ್ಜಿಗೆ ಏನು ಕಷ್ಟ?

ಪರಿಹಾರ ಸುಲಭ. ‘ಪೂರ್ಣ ಹೆಸರು’ ಎಂದು ಉದ್ದನೆಯ ಒಂದೇ ಖಾನೆ ಇಡಿ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸಲಹೆಯೂ ಬಹುಮಟ್ಟಿಗೆ ಇದೇ. ‘ನಿಮ್ಮನ್ನು ಹೇಗೆ ಕರೆಯಬೇಕು’ ಎಂದು ಇನ್ನೊಂದು ಖಾನೆ ಬೇಕಾದರೆ ಇಡಿ, ಕಡ್ಡಾಯ ಮಾಡಬೇಡಿ. ಚುಕ್ಕೆ, ಅಪಾಸ್ಟ್ರಫಿ, ಅಡ್ಡಗೆರೆ, ಒಂದೇ ಅಕ್ಷರದ ಇನಿಷಿಯಲ್ ಎಲ್ಲವನ್ನೂ ಒಪ್ಪಿಕೊಳ್ಳಿ. ಶ್ರೀಮತಿ–ಕುಮಾರಿ ಎಂದು ಆರಿಸಲು ಒತ್ತಾಯಿಸಬೇಡಿ. ಮಂಟಪ ಬಾಡಿಗೆಗೆ ಕೊಡಲು ಕೇಳುವವರ ಮದುವೆಯ ವಿವರ ಯಾರಿಗೆ ಬೇಕು?

ಎಲೆಯ ಮುಂದೆ ಕೇಳುವ ಪ್ರಶ್ನೆ

ಮದುವೆ ಮನೆಯಲ್ಲಿ ಬಡಿಸುವವರು ಎಲೆಯ ಮುಂದೆ ನಿಂತು ‘ನೀವು ಯಾರು’ ಎಂದು ಕೇಳುವುದಿಲ್ಲ; ‘ಇದು ಬಡಿಸಲಾ’ ಎಂದು ಕೇಳುತ್ತಾರೆ. ನಿಮ್ಮ ಸೈಟೂ ಹಾಗೇ ಕೇಳಬೇಕು.

ವಿಮಾನ ಕಂಪನಿಗಳಲ್ಲಿ ಊಟಕ್ಕೆ ನಾಲ್ಕಕ್ಷರದ ಸಂಕೇತಗಳಿವೆ: ಜೈನ ಊಟಕ್ಕೆ ವಿಜೆಎಂಎಲ್, ಮುಸ್ಲಿಂ ಊಟಕ್ಕೆ ಎಂಒಎಂಎಲ್, ಯಹೂದಿಗಳ ಕೋಷರ್ ಊಟಕ್ಕೆ ಕೆಎಸ್ಎಂಎಲ್, ಹಿಂದೂ ಮಾಂಸಾಹಾರಕ್ಕೆ ಎಚ್ಎನ್ಎಂಎಲ್. ಆಕಾಶದಲ್ಲಿ ಅಡುಗೆಮನೆಯ ಅನುಕೂಲಕ್ಕೆ ಅದು ಸರಿ. ನೆಲದ ಮೇಲೆ ಸಾಲದು. ಹಿಂದೂ ಊಟ ಎಂದರೆ ಏನು? ಮಾಂಸ ತಿನ್ನುವ ಮನೆಯಲ್ಲೂ ಸೋಮವಾರ ಇಲ್ಲ, ಶನಿವಾರ ಇಲ್ಲ, ಶ್ರಾವಣದಲ್ಲಿ ಇಲ್ಲ ಎನ್ನುವವರಿದ್ದಾರೆ. ಚಾತುರ್ಮಾಸ್ಯ ಹಿಡಿದ ಮಾಧ್ವರ ಮನೆಯಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಒಬ್ಬರೇ ಗ್ರಾಹಕರ ‘ಸಸ್ಯಾಹಾರ’ ನಾಲ್ಕು ತಿಂಗಳಲ್ಲಿ ನಾಲ್ಕು ರೂಪ ತಾಳುತ್ತದೆ. ಜೈನರಲ್ಲಿ ಈರುಳ್ಳಿ, ಬೆಳ್ಳುಳ್ಳಿಯಷ್ಟೇ ಅಲ್ಲ, ಆಲೂಗೆಡ್ಡೆ, ಗಜ್ಜರಿ, ಮೂಲಂಗಿಯಂಥ ನೆಲದಡಿಯ ಗೆಡ್ಡೆಗಳನ್ನು ಬಿಡುವವರಿದ್ದಾರೆ. ಕ್ರೈಸ್ತರಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಮಾಂಸ ಬಿಡುವವರಿದ್ದಾರೆ. ಅದೇ ಮನೆಯಲ್ಲಿ ಬಿಡದವರೂ ಇದ್ದಾರೆ.

ಹಾಗಾಗಿ ಅಡುಗೆ ಕಂಟ್ರಾಕ್ಟ್‌ನವರ ಅರ್ಜಿಯಲ್ಲಿ ಹೀಗೆ ಕೇಳಿ: ಒಟ್ಟು ಎಷ್ಟು ಎಲೆ? ಅದರಲ್ಲಿ ಈರುಳ್ಳಿ–ಬೆಳ್ಳುಳ್ಳಿ ಇಲ್ಲದ್ದು ಎಷ್ಟು? ಗೆಡ್ಡೆ ತರಕಾರಿ ಇಲ್ಲದ್ದು ಎಷ್ಟು? ಉಪವಾಸದ ಫಲಾಹಾರ ಎಷ್ಟು? ಸೂರ್ಯಾಸ್ತಕ್ಕೆ ಮುಂಚೆ ಬಡಿಸಬೇಕಾದದ್ದು ಎಷ್ಟು? ಮಾಂಸದ ಅಡುಗೆಯಾದರೆ ಹಲಾಲ್ ಬೇಕೇ, ಪಾತ್ರೆ–ಒಲೆ ಬೇರೆ ಇರಬೇಕೇ? ಇಷ್ಟಾದರೆ ಅಡುಗೆಯವರಿಗೆ ಸಾಮಾನಿನ ಪಟ್ಟಿ ಬರೆಯಲು ಬೇಕಾದದ್ದೆಲ್ಲ ಸಿಕ್ಕಿತು. ಗ್ರಾಹಕರ ಜಾತಿ, ಧರ್ಮ ಎಲ್ಲೂ ಬರಲಿಲ್ಲ. ಕೊನೆಗೆ ‘ಇನ್ನೇನಾದರೂ ಹೇಳುವುದಿದೆಯೇ’ ಎಂದು ಖಾಲಿ ಜಾಗ ಬಿಡಿ. ನಿಮಗೂ ನನಗೂ ಹೊಳೆಯದ ಆಚಾರಗಳು ಅಲ್ಲಿ ಬಂದು ಸೇರುತ್ತವೆ. ಆರು ತಿಂಗಳಿಗೊಮ್ಮೆ ಅದನ್ನು ಓದಿ, ಮತ್ತೆ ಮತ್ತೆ ಬರುವುದನ್ನು ಅರ್ಜಿಗೇ ಸೇರಿಸಿ.

ಪಟ್ಟಿಯಲ್ಲಿ ಹಸಿರು ಚುಕ್ಕೆ ಹಾಕುವಾಗ ಒಂದು ಎಚ್ಚರ. ಆಹಾರ ಸುರಕ್ಷತಾ ಪ್ರಾಧಿಕಾರ ಮಾಂಸಾಹಾರದ ಕಂದು ಚುಕ್ಕೆಯನ್ನು ತ್ರಿಕೋನಕ್ಕೆ ಬದಲಿಸಿದೆ. ಬಣ್ಣ ಗುರುತಿಸಲಾಗದವರಿಗೆ ಹಸಿರು ಚುಕ್ಕೆಯೂ ಕಂದು ಚುಕ್ಕೆಯೂ ಒಂದೇ ಥರ ಕಾಣುತ್ತಿದ್ದದ್ದೇ ಕಾರಣ. ನಿಮ್ಮ ಪುಟದಲ್ಲೂ ಬಣ್ಣವನ್ನೇ ನಂಬಬೇಡಿ. ಆಕಾರ ಬೇರೆ ಮಾಡಿ, ಪಕ್ಕದಲ್ಲಿ ಪದದಲ್ಲೂ ಬರೆಯಿರಿ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂಬುದನ್ನು ಬೇರೆಯಾಗಿಯೇ ಹೇಳಿ.

ಲಿಪಿಗೂ ಮರ್ಯಾದೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಶೇ 66ರಷ್ಟು. ಅದರ ನಂತರದ ಸ್ಥಾನ ಉರ್ದುವಿಗೆ, ಶೇ 10ಕ್ಕಿಂತ ಹೆಚ್ಚು. ಆದರೂ ನಮ್ಮ ಎಷ್ಟೋ ಅರ್ಜಿಗಳು ಕನ್ನಡ ಅಕ್ಷರ ಬರೆದರೆ ಒಪ್ಪುವುದಿಲ್ಲ. ಒಪ್ಪಿದರೂ ಕತ್ತರಿಸುತ್ತವೆ. ಕೃಷ್ಣಮೂರ್ತಿ ಎಂದು ಬರೆದವರಿಗೆ ಅದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 11 ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ 33 ಬೈಟು. ಇಂಗ್ಲಿಷ್ ಲೆಕ್ಕದಲ್ಲಿ ‘30 ಸಾಕು’ ಎಂದು ಬೈಟಿನ ಮಿತಿ ಹಾಕಿದ ಡೇಟಾಬೇಸ್ ಆ ಹೆಸರಿನ ಬಾಲ ಕಡಿಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಒತ್ತಕ್ಷರದ ಕೆಳಭಾಗ ಮುಚ್ಚಿಹೋಗುತ್ತದೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಲಿನ ಎತ್ತರ ಹೆಚ್ಚು ಕೊಡಿ.

ಉರ್ದು ಹಾಕುವುದಾದರೆ ಇಡೀ ಪುಟ ಬಲದಿಂದ ಎಡಕ್ಕೆ ತಿರುಗಬೇಕು. ಪಠ್ಯ ತಿರುಗಿಸಿ ಗುಂಡಿಗಳನ್ನು ಹಾಗೇ ಬಿಟ್ಟರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ನಮ್ಮವರು ಓದಿ ಬೆಳೆದದ್ದು ನಸ್ತಾಲೀಕ್ ಬರವಣಿಗೆ. ಅರಬ್ಬಿಗೆ ಬಳಸುವ ನಸ್ಖ್ ಅಕ್ಷರದಲ್ಲಿ ಉರ್ದು ಓದಬಹುದಾದರೂ ಅದು ಅವರದು ಎನಿಸುವುದಿಲ್ಲ. ಉಚಿತ ನಸ್ತಾಲೀಕ್ ಫಾಂಟುಗಳಿವೆ, ಬಳಸಿ. ಕೊಂಕಣಿಯನ್ನು ಮಂಗಳೂರಿನವರು ಕನ್ನಡ ಲಿಪಿಯಲ್ಲೂ, ಗೋವಾದವರು ದೇವನಾಗರಿ, ರೋಮನ್ ಲಿಪಿಗಳಲ್ಲೂ ಓದುತ್ತಾರೆ. ‘ಕೊಂಕಣಿ’ ಎಂಬ ಒಂದು ಗುಂಡಿ ಇಡುವ ಮುನ್ನ ಯಾವ ಊರಿನವರಿಗೆಂದು ಯೋಚಿಸಿ.

ಧರ್ಮದ ವಿವರ ನಿಜವಾಗಿ ಬೇಕಾದಾಗ

ದೇವಸ್ಥಾನದ ಸೇವೆಗೆ ಗೋತ್ರ, ನಕ್ಷತ್ರ, ರಾಶಿ ಬೇಕು. ಸಂಕಲ್ಪ ಹೇಳುವಾಗ ಅರ್ಚಕರು ಅವನ್ನು ಉಚ್ಚರಿಸುತ್ತಾರೆ. ಇಲ್ಲಿ ಕೇಳುವುದು ನ್ಯಾಯ. ಆದರೆ ಕಡ್ಡಾಯ ಮಾಡಬೇಡಿ. ಗೋತ್ರ ಗೊತ್ತಿಲ್ಲದ ಭಕ್ತರು, ಗೋತ್ರವೆಂಬ ಪದ್ಧತಿಯೇ ಇಲ್ಲದ ಮನೆತನಗಳ ಭಕ್ತರು ಬಹಳ. ಅವರು ಕೌಂಟರಿಗೆ ಬಂದರೆ ಅರ್ಚಕರು ವಾಪಸು ಕಳಿಸುವುದಿಲ್ಲ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ, ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ತೆಗೆಯುವ ರೂಢಿ ಇದೆ. ಕೌಂಟರಿನಲ್ಲಿ ಇರುವ ಈ ಔದಾರ್ಯ ನಿಮ್ಮ ಸೈಟಿನಲ್ಲೂ ಇರಲಿ: ‘ಗೊತ್ತಿಲ್ಲ’ ಎಂಬ ಆಯ್ಕೆ ಇಡಿ. ಖಾನೆ ತುಂಬಲಾರದೆ ಒಬ್ಬ ಭಕ್ತೆ ಸೇವೆ ಮಾಡಿಸದೆ ಹೋದರೆ ಅದು ದೇವಸ್ಥಾನದ ನಿಯಮದಿಂದ ಆದದ್ದಲ್ಲ, ‘ಕಡ್ಡಾಯ’ ಎನ್ನುವ ನಿಮ್ಮ ಕೆಂಪು ನಕ್ಷತ್ರ ಚಿಹ್ನೆಯಿಂದ ಆದದ್ದು.

ಇನ್ನೊಂದು ಸಂಗತಿಯನ್ನು ಬುಕಿಂಗ್ ಮಾಡುವವರು ತೀರಾ ಮರೆಯುತ್ತಾರೆ. ಸೇವೆಗೆ ಹಣ ಕಟ್ಟಿದ ಮೇಲೆ ಮನೆಯಲ್ಲಿ ಸಾವಾದರೆ ಸೂತಕ. ಅದು ಕಳೆಯುವವರೆಗೆ ದೇವಸ್ಥಾನಕ್ಕೆ ಹೋಗುವಂತಿಲ್ಲ. ಮಗು ಹುಟ್ಟಿದರೂ ಹಾಗೆಯೇ. ಮಂಟಪ ಹಿಡಿದವರಿಗೂ ಮದುವೆ ಮುಂದೂಡುವ ಸಂದರ್ಭ ಬರುತ್ತದೆ. ಆಗ ‘ರದ್ದತಿಗೆ ಅವಕಾಶವಿಲ್ಲ’ ಎಂಬ ಸಾಲು ಎಷ್ಟು ಕ್ರೂರವಾಗಿ ಕಾಣುತ್ತದೆ ಯೋಚಿಸಿ. ತಾರೀಖು ಬದಲಿಸಿಕೊಳ್ಳುವ ಸೌಲಭ್ಯ ಮೊದಲ ದಿನವೇ ಇರಲಿ. ಕಾರಣ ಕೇಳಬೇಡಿ, ಮರಣ ಪತ್ರ ಕೇಳುವುದಂತೂ ಬೇಡವೇ ಬೇಡ. ಗ್ರಹಣದ ದಿನವೂ ವೇಳೆ ಬದಲಾಗುತ್ತದೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಹಲವು ದೇವಸ್ಥಾನಗಳು ಬೇಗ ಬಾಗಿಲು ಹಾಕಿದವು. ದರ್ಶನದ ವೇಳೆಯನ್ನು ದೇವಸ್ಥಾನದ ಗುಮಾಸ್ತರೇ ಫೋನಿನಿಂದ ಬದಲಿಸುವಂತೆ ಮಾಡಿಕೊಡಿ.

ಅಂಗಡಿಯವರ ಆಚಾರವೂ ಮುಖ್ಯ

ಬಳಸುವವರಷ್ಟೇ ಅಲ್ಲ, ಸೈಟ್ ಮಾಡಿಸಿದವರಿಗೂ ಆಚಾರವಿದೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಶುರುವಾದ ಬಿ ಆ್ಯಂಡ್ ಎಚ್ ಎಂಬ ಹೆಸರಾಂತ ಕ್ಯಾಮೆರಾ ಅಂಗಡಿಯನ್ನು ಸಂಪ್ರದಾಯಸ್ಥ ಯಹೂದಿಗಳು ನಡೆಸುತ್ತಾರೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಅವರಿಗೆ ಶಬ್ಬಾತ್, ವ್ಯವಹಾರವಿಲ್ಲ. ಅವರ ವೆಬ್‌ಸೈಟೂ ಅದನ್ನು ಪಾಲಿಸುತ್ತದೆ. ಆ ಹೊತ್ತಿನಲ್ಲಿ ನೀವು ಸಾಮಾನು ನೋಡಬಹುದು, ಬೆಲೆ ಹೋಲಿಸಬಹುದು. ಹಣ ಮಾತ್ರ ಕಟ್ಟಿಸಿಕೊಳ್ಳುವುದಿಲ್ಲ. ಮತ್ತೆ ಯಾವಾಗ ಆರ್ಡರ್ ಶುರು ಎಂದು ಪುಟದಲ್ಲೇ ತಿಳಿಸಿರುತ್ತಾರೆ. ಯಂತ್ರಕ್ಕೆ ವಿಶ್ರಾಂತಿ ಬೇಕಿಲ್ಲವೆಂದು ವಾದಿಸದೆ, ತಮ್ಮ ನೇಮವನ್ನು ಯಂತ್ರದಿಂದಲೂ ಪಾಲಿಸಿದ್ದಾರೆ. ಗ್ರಾಹಕರಿಗೂ ತೊಂದರೆಯಿಲ್ಲ, ಏಕೆಂದರೆ ಎಲ್ಲವನ್ನೂ ಮೊದಲೇ ಹೇಳಿದ್ದಾರೆ.

ನಮ್ಮಲ್ಲೂ ಶುಕ್ರವಾರ ಜುಮಾ ನಮಾಜಿಗೆ ಒಂದು ಗಂಟೆ ಬಾಗಿಲು ಎಳೆಯುವ ಅಂಗಡಿ, ಭಾನುವಾರ ಪೂಜೆ ಮುಗಿಸಿ ತೆರೆಯುವ ಬೇಕರಿ, ಅಮಾವಾಸ್ಯೆಗೆ ರಜೆ ಮಾಡುವ ವ್ಯಾಪಾರಿಗಳಿದ್ದಾರೆ. ‘24 ಗಂಟೆ ಸೇವೆ’ ಎಂದು ಅವರ ತಲೆಗೆ ಕಟ್ಟಬೇಡಿ. ಅವರ ವಾರ ಹೇಗೆ ಸಾಗುತ್ತದೆ ಎಂದು ಕೂತು ಕೇಳಿ, ಅದೇ ಸೈಟಿನ ವೇಳಾಪಟ್ಟಿಯಾಗಲಿ.

ಕೇಳದಿದ್ದರೂ ತಿಳಿಯುತ್ತದೆ, ಅದಕ್ಕೇ ಎಚ್ಚರ

ಧರ್ಮದ ಖಾನೆ ಇಡದಿದ್ದರೂ ಆಯ್ಕೆಗಳಿಂದಲೇ ಬಹಳ ಗೊತ್ತಾಗುತ್ತದೆ. ಹಲಾಲ್ ಆರಿಸಿದವರು, ಚಾತುರ್ಮಾಸ್ಯದ ಊಟ ಕೇಳಿದವರು, ನಮಾಜಿನ ವೇಳೆಗೆ ಊರು ಕೊಟ್ಟವರು ನಿಮ್ಮನ್ನು ನಂಬಿ ತಮ್ಮ ಬದುಕಿನ ಒಂದು ಭಾಗ ತೋರಿಸಿದ್ದಾರೆ. ಈ ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2020ರ ನವೆಂಬರ್‌ನಲ್ಲಿ ಜಗತ್ತಿನ ಕೋಟ್ಯಂತರ ಮುಸ್ಲಿಮರು ನಮಾಜಿನ ವೇಳೆಗೆಂದು ಬಳಸುತ್ತಿದ್ದ ಒಂದು ಆ್ಯಪ್‌ನಿಂದ ಬಳಕೆದಾರರ ಸ್ಥಳದ ಮಾಹಿತಿ ದಲ್ಲಾಳಿ ಕಂಪನಿಯೊಂದಕ್ಕೆ ಹೋಗುತ್ತಿತ್ತು, ಆ ಕಂಪನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದರು ಎಂದು ಅಮೆರಿಕದ ಪತ್ರಿಕಾ ಸಂಸ್ಥೆಯೊಂದು ವರದಿ ಮಾಡಿತು. ಆ್ಯಪ್‌ನವರು ಕೂಡಲೇ ಆ ಸಂಬಂಧ ಕಡಿದುಕೊಂಡೆವೆಂದರು. ಅಷ್ಟರಲ್ಲಿ ಬಹಳ ಜನ ಅದನ್ನು ತೆಗೆದುಹಾಕಿದ್ದರು.

2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ಕಾನೂನು ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿ ಎಂದು ಹೆಸರಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಥ ಪ್ರತ್ಯೇಕ ವರ್ಗ ಮಾಡಿಲ್ಲ. ಆದರೆ ಒಪ್ಪಿಗೆ ಪಡೆಯುವುದು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಎನ್ನುತ್ತದೆ. ಕಾನೂನಿಗಿಂತ ಒಂದು ಹೆಜ್ಜೆ ಮುಂದೆಯೇ ಇರಿ. ಮದುವೆ ಮುಗಿದ ಮೇಲೆ ಊಟದ ವಿವರ ಅಳಿಸಿ. ಗೋತ್ರ–ನಕ್ಷತ್ರಗಳ ಪಟ್ಟಿಯನ್ನು ಜಾಹೀರಾತಿನವರ ಕೈಗೆ ಕೊಡಬೇಡಿ.

ಕೊನೆಗೆ ಬಣ್ಣ, ಚಿತ್ರ

ಬಿಳಿ ಎಂದರೆ ಸಾವು, ಕೆಂಪು ಎಂದರೆ ಶುಭ, ಹಸಿರು ಎಂದರೆ ಇಸ್ಲಾಂ ಎಂಬ ಪಟ್ಟಿಗಳನ್ನು ನಂಬಬೇಡಿ. ಕ್ರೈಸ್ತ ವಧುವಿಗೆ ಬಿಳಿಯೇ ಮಂಗಳ. ಹಸಿರು ಬಳೆ ನಮ್ಮ ಎಷ್ಟೋ ಹಿಂದೂ ಮದುವೆ ಮನೆಗಳಲ್ಲೂ ಉಂಟು. ದೇವರ ಚಿತ್ರ ಹಾಕುವಾಗ ಮೂರು ನೋಡಿ: ಅದರ ಮೇಲೆ ಗುಂಡಿ, ಜಾಹೀರಾತು ಬೀಳಬಾರದು, ಮೊಬೈಲಿನಲ್ಲಿ ಮುಖ ಕತ್ತರಿಸಿಹೋಗಬಾರದು, ಮುದ್ರಿಸಿ ಎಸೆಯುವ ರಸೀದಿಯಲ್ಲಿ ಚಿತ್ರವೇ ಇರಬಾರದು. ಪ್ರವಾದಿಯವರ ಚಿತ್ರ ಎಂದೂ ಹಾಕಬೇಡಿ. ಇಷ್ಟು ಸಾಕು.

ನಿಮಗೆ ನನ್ನ ಕೋರಿಕೆ ಇದು. ಮೂರೂ ಸೈಟುಗಳನ್ನು ಜನರಿಗೆ ಬಿಡುವ ಮುನ್ನ ನಿಮ್ಮ ಊರಿನ ಕೆಲವರಿಂದ ಅರ್ಜಿ ತುಂಬಿಸಿ ನೋಡಿ: ಒಂದೇ ಹೆಸರಿನ ಒಬ್ಬ ಅಜ್ಜಿ, ಮಸೀದಿ ಕಮಿಟಿಯ ಒಬ್ಬರು, ಚರ್ಚಿನ ಒಬ್ಬರು, ಜೈನ ಮನೆಯ ಒಬ್ಬರು, ದೇವಸ್ಥಾನದ ಅರ್ಚಕರು, ಯಾವ ಆಚಾರವನ್ನೂ ಪಾಲಿಸದ ಒಬ್ಬ ಕಾಲೇಜು ವಿದ್ಯಾರ್ಥಿನಿ. ಪಕ್ಕದಲ್ಲಿ ಸುಮ್ಮನೆ ಕುಳಿತು, ಯಾವ ಖಾನೆಯಲ್ಲಿ ಅವರ ಬೆರಳು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಅಲ್ಲಿ ತಿದ್ದಬೇಕಾದದ್ದು ಅವರಲ್ಲ, ಅರ್ಜಿ. ಅದನ್ನು ತಿದ್ದಿದ ಮೇಲೆಯೇ ಸೈಟ್ ಬಿಡುಗಡೆ ಮಾಡಿ.